ನೀರು ಬೀಳುವುದಿಲ್ಲ ಎಂದಿದ್ದೆ

ಅದರ ಹಿಂದಿನ ದಿನ ಅವ್ವ ರಂಗೋಲಿ ಪುಡಿಯ ಮೇಲೆ ಸಿಟ್ಟಾಗಿದ್ದಳು. ಧಾರವಾಡದಿಂದ ಬಿಸ್ಕಿಟ್ ಡಬ್ಬಿಯಲ್ಲಿ ತುಂಬಿ ತಂದಿದ್ದ ಪುಡಿ ಮುಗಿದುಹೋಗಿತ್ತು. ನನ್ನ ಗಂಡ ಕಸ್ಬಾದ ಆಫೀಸಿನಿಂದ ಮೆಟ್ರೋದಲ್ಲಿ ಬರುವಾಗ ಕಾಳಿಘಾಟಿನಲ್ಲಿ ಇಳಿದು, ಗುಡಿಯ ಹತ್ತಿರದ ಅಂಗಡಿಯಿಂದ ಒಂದು ಪೊಟ್ಟಣ ತಂದಿದ್ದರು. ಅವ್ವ ಅದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಇದೇನ ರಂಗೋಲಿನೋ ಹಲ್ಲುಪುಡಿನೋ? ಬೆರಳಿಗೇ ಅಂಟತೈತಿ, ಕೆಳಗ ಬೀಳವಲ್ದು."

ಚಹಾ ಕುಡಿಯುತ್ತಿದ್ದ ಅಪ್ಪ, "ಹಲ್ಲುಪುಡಿ ಆದ್ರ ಹಲ್ಲ ತಿಕ್ಕಿಕೋ. ಇರೂ ನಾಕ ಹಲ್ಲರ ಬೆಳ್ಳಗ ಆಗ್ತಾವು" ಎಂದ.

"ಮೊದಲ ನಿಮ್ಮವ ಎಣಿಸಿಕೋರಿ. ನಾಕಕ್ಕ ಒಂದ ಕಮ್ಮಿನ ಅದಾವು."

ಸಂಜೆ ಅವ್ವ ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಮುಂದಿನಿಂದ ಒಂದು ಬೊಗಸೆ ಉಸುಕು ತಂದು, ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ಅದರ ಸಣ್ಣ ಪುಡಿಯನ್ನು ಆ ಪೊಟ್ಟಣದ ಪುಡಿಗೆ ಬೆರೆಸಿದಳು. "ರಂಗೋಲಿಗೆ ತೂಕ ಬೇಕ. ತೂಕ ಇದ್ರನ ಎಳಿ ನಿಂದ್ರತೈತಿ" ಎಂದು ನನಗೆ ಹೇಳಿದಳು. ನಾನು ಹೂಂ ಅಂದೆ, ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದನ್ನು ಬಿಸ್ಕಿಟ್ ಡಬ್ಬಿಗೆ ತುಂಬಿ ಮುಚ್ಚಳ ಹಾಕಿ, ನಾಳೆಗೆ ಸಿಗಲಿ ಎಂದು ಗ್ಯಾರೇಜಿಗೆ ಇಳಿಯುವ ಮೆಟ್ಟಿಲ ಮೇಲೆ ಇಟ್ಟಳು. ಊಟಕ್ಕೆ ಹೀರೇಕಾಯಿ ಪಲ್ಯ ಮಾಡಿದ್ದೆ. ಉಪ್ಪು ಕಡಿಮೆ ಎಂದು ಎರಡು ಸಲ ಹೇಳಿದಳು. ಆ ದಿನದಲ್ಲಿ ಬೇರೆ ಏನೂ ಇರಲಿಲ್ಲ.

ಮರುದಿನ ಬೆಳಗ್ಗೆ ಆರಕ್ಕೆ ಮೊದಲೇ ಅವ್ವ ಗ್ಯಾರೇಜಿನಲ್ಲಿ ಜಾರಿ ಬಿದ್ದಳು. ನೀರು ಹಾಕಿ ಮುಗಿಸಿದ್ದಳು, ರಂಗೋಲಿ ಇನ್ನೂ ಶುರು ಮಾಡಿರಲಿಲ್ಲ. ತಲೆಯ ಹಿಂಭಾಗ ಮೆಟ್ಟಿಲಿನ ಅಂಚಿಗೆ ಬಡಿದಿತ್ತು. ಡಬ್ಬಿಯ ಮುಚ್ಚಳ ಹಾಕಿದ್ದು ಹಾಗೇ ಇತ್ತು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಕಣ್ಣು ತೆರೆಯಲಿಲ್ಲ.

ನಮ್ಮ ಮನೆ ಡಮ್ ಡಮ್‌ನಲ್ಲಿದೆ. ವಿಮಾನಗಳು ಬಹಳ ಕೆಳಗೆ ಹಾರುತ್ತವೆ, ಕಿಟಕಿಯ ಗಾಜು ಸಣ್ಣಗೆ ನಡುಗುತ್ತದೆ. ಕಿರಿದಾದ ಗಲ್ಲಿ, ಗೋಡೆಗೆ ಗೋಡೆ ಹತ್ತಿದ ಮನೆಗಳು. ಗೇಟು ತೆರೆದರೆ ನೇರವಾಗಿ ಗ್ಯಾರೇಜು. ಅಲ್ಲಿ ಭಾನುವಾರ ಮಾತ್ರ ಹೊರಗೆ ಹೋಗುವ ನಮ್ಮ ಹಳೆಯ ಕಾರು ನಿಂತಿರುತ್ತದೆ. ಕಾರಿನ ಪಕ್ಕದ ಜಾಗದಲ್ಲಿ ನಡೆದುಹೋದರೆ ಮನೆಯ ಬಾಗಿಲು. ಅಂಗಳ ಎಂಬುದೇ ಇಲ್ಲ. ಗೇಟಿನ ಹೊರಗೆ ರಂಗೋಲಿ ಹಾಕಿದರೆ ಮೀನು ಮಾರುವವನ ಸೈಕಲ್ಲು, ಶಾಲೆಯ ರಿಕ್ಷಾ ಎಲ್ಲ ಅದರ ಮೇಲೆಯೇ ಹೋಗುತ್ತವೆ. ಅದಕ್ಕೆ ಅವ್ವ ಗ್ಯಾರೇಜನ್ನೇ ಅಂಗಳ ಮಾಡಿಕೊಂಡಿದ್ದಳು. ಮಗಳು ಚಿಕ್ಕವಳಿದ್ದಾಗ ನನಗೆ ನೆರವಾಗಲು ಬಂದ ಅಪ್ಪ ಅವ್ವ ಇಲ್ಲೇ ಉಳಿದುಕೊಂಡಿದ್ದರು. ಅಂದಿನಿಂದ ಪ್ರತಿದಿನ ಬೆಳಗ್ಗೆ ಬಾಗಿಲಿನ ಮುಂದೆ, ಕಾರಿನ ಪಕ್ಕದಲ್ಲಿ, ಚಳೆ ಹೊಡೆದು, ಅಂದರೆ ಬಕೆಟ್ಟಿನಿಂದ ನೀರು ಚಿಮುಕಿಸಿ, ರಂಗೋಲಿ ಹಾಕುತ್ತಿದ್ದಳು. ಎದುರು ಮನೆಯ ಬಂಗಾಲಿ ಹೆಂಗಸು ಗೇಟಿನ ಸಂದಿಯಿಂದ ನೋಡಿ "ಆಲ್ಪನಾ, ಚೆನ್ನಾಗಿದೆ" ಎಂದರೆ, ಅವ್ವ ಕನ್ನಡದಲ್ಲೇ "ಆಲ್ಪನಾ ಅಲ್ಲವ್ವಾ, ರಂಗೋಲಿ" ಎನ್ನುತ್ತಿದ್ದಳು. ಅವರು ಮರುದಿನ ಮತ್ತೆ ಆಲ್ಪನಾ ಎನ್ನುತ್ತಿದ್ದರು.

ಆ ನೆಲ ಮೊದಲು ಕೆಂಪು ಸಿಮೆಂಟಿನದಾಗಿತ್ತು. ಅಲ್ಲಲ್ಲಿ ಒಡೆದು, ಕೈಯಿಟ್ಟರೆ ಧೂಳು ಏಳುತ್ತಿತ್ತು. ಮಳೆಗಾಲದಲ್ಲಿ ಕಪ್ಪು ಮಚ್ಚೆ. ಕಾರಿನ ಎಣ್ಣೆ ಬಿದ್ದಲ್ಲಿ ಏನು ಮಾಡಿದರೂ ಕಲೆ ಹೋಗುತ್ತಿರಲಿಲ್ಲ. ಕಳೆದ ಚಳಿಗಾಲದಲ್ಲಿ ಅದಕ್ಕೊಂದು ಕೋಟಿಂಗ್ ಮಾಡಿಸಿಬಿಡೋಣ ಎಂದು ನನ್ನ ಗಂಡ ಹೇಳಿದರು. ಯಾವುದು ಬೇಕು ನೀನೇ ನೋಡು ಎಂದರು. ಮನೆಯಲ್ಲಿ ಇರುವವಳು ನಾನೇ, ಆರಿಸಿದವಳೂ ನಾನೇ.

ಬಂದವರು ಐವತ್ತರ ಹತ್ತಿರದ ಒಬ್ಬ ಪೇಂಟರ್. ಹಿಂದಿ, ಬಂಗಾಲಿ ಕಲಸಿ ಮಾತಾಡುತ್ತಿದ್ದರು. ನನ್ನನ್ನು ಅತ್ತಿಗೆ ಎಂಬಂತೆ ಬೌದಿ ಎಂದರು, ಅವ್ವನನ್ನು ಮಾಸಿಮಾ, ಅಪ್ಪನನ್ನು ಮೇಶೋಮಶಾಯ್, ಅಂದರೆ ಚಿಕ್ಕಮ್ಮ, ಚಿಕ್ಕಪ್ಪ. ಅವ್ವ ಅವರಿಗೆ ಒಗ್ಗರಣೆ ಅವಲಕ್ಕಿ ಕೊಟ್ಟಳು, ಅವರು ಎರಡು ಸಲ ಹಾಕಿಸಿಕೊಂಡರು. ಅವರ ಹತ್ತಿರ ಬಣ್ಣದ ತುಂಡುಗಳನ್ನು ಅಂಟಿಸಿದ ಒಂದು ಕಾರ್ಡಿತ್ತು. ಕನ್ನಡಿಯಂತೆ ಹೊಳೆಯುವ ತಿಳಿ ಬೂದು ಬಣ್ಣವನ್ನು ನೋಡಿ ಅವ್ವ, "ಇದರ ಮ್ಯಾಲ ಬಿಳಿ ಎಳಿ ಭಾಳ ಚಂದ ಕಾಣತೈತಿ" ಎಂದಳು. ನನಗೂ ಹಾಗೇ ಅನಿಸಿತು. ಒರೆಸಿದರೆ ಸಾಕು, ಎಣ್ಣೆ ಕಲೆ ನಿಲ್ಲುವುದಿಲ್ಲ ಎಂದು ಪೇಂಟರ್ ಹೇಳಿದರು. ಆಮೇಲೆ ಜೇಬಿನಿಂದ ನೋಟ್‌ಬುಕ್ಕು ತೆಗೆದು ಕೇಳಿದರು:

"ಇಲ್ಲಿ ನೀರು ಬೀಳುತ್ತಾ ಬೌದಿ? ಕಾರು ಇಲ್ಲೇ ತೊಳೆಯುತ್ತೀರಾ?"

"ಇಲ್ಲ, ಹೊರಗೆ ತೊಳೆಸುತ್ತೇವೆ. ಇಲ್ಲಿ ನೀರು ಬೀಳುವುದಿಲ್ಲ" ಎಂದೆ.

ಇಷ್ಟೇ ನಾನು ಹೇಳಿದ್ದು. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಅವ್ವ ಪಕ್ಕದಲ್ಲೇ ಪ್ಲೇಟು ಹಿಡಿದು ನಿಂತಿದ್ದಳು. ಬೆಳಗಿನ ಬಕೆಟ್ಟು ನನ್ನ ತಲೆಗೆ ಬರಲೇ ಇಲ್ಲ. ಮನೆಯಲ್ಲಿ ಬೆಂಕಿ ಹಚ್ಚುತ್ತೀರಾ ಎಂದು ಯಾರಾದರೂ ಕೇಳಿದರೆ ದೇವರ ಮುಂದಿನ ದೀಪ ನೆನಪಿಗೆ ಬರುತ್ತದೆಯೇ? ಹಾಗೆ. ನೀರು ಎಂದರೆ ನನಗೆ ಪೈಪು, ಕಾರು, ಸೋಪಿನ ನೊರೆ. ಹುಟ್ಟಿದಾಗಿನಿಂದ ದಿನಾ ನೋಡಿದ ಆ ಚಳೆ ನನ್ನ ನೀರಿನ ಲೆಕ್ಕದಲ್ಲಿ ಇರಲೇ ಇಲ್ಲ.

ಅವ್ವನ ದಿನಗಳೆಲ್ಲ ಮುಗಿದ ಮೇಲೆ, ಬಂದ ನೆಂಟರು ರೈಲು ಹತ್ತಿದ ಮರುದಿನ ಬೆಳಗ್ಗೆ, ಕೆಳಗಿನಿಂದ ಬಕೆಟ್ಟಿನ ಹಿಡಿಕೆಯ ಸದ್ದು ಕೇಳಿಸಿತು. ಅವ್ವನೇ ಎಂದುಕೊಂಡು ಎದ್ದೆ. ಎದ್ದ ಮೇಲೆ ನೆನಪಾಯಿತು. ಓಡಿ ಬಂದು ಬಾಗಿಲಲ್ಲಿ ನಿಂತರೆ, ಅಪ್ಪ ಬರಿಗಾಲಲ್ಲಿ, ಧೋತರ ಮೇಲೆತ್ತಿ ಕಟ್ಟಿ, ಆ ಹೊಳೆಯುವ ನೆಲಕ್ಕೆ ನೀರು ಹಾಕುತ್ತಿದ್ದ. ಅಪ್ಪನ ಬಲಮೊಣಕಾಲು ಮಡಚುವುದಿಲ್ಲ. ನೀರು ಹಾಕಿ, ಮಣೆ ಎಳೆದುಕೊಂಡು ಆ ಕಾಲು ಚಾಚಿ ಕುಳಿತು, ಅವ್ವನ ಡಬ್ಬಿಯ ಮುಚ್ಚಳ ತೆಗೆದ.

"ಅಪ್ಪಾ, ಏನ ಮಾಡಾಕತ್ತಿ? ಏಳು ಮ್ಯಾಲ."

"ಕಾಣವಲ್ದೇನ?"

"ನಾ ಹಾಕ್ತೀನಿ ಬಿಡು."

"ನೀ ಇಷ್ಟ ದಿನಾ ಹಾಕೀಯೇನ? ಹೋಗ, ಚಾಕ್ಕ ನೀರ ಇಡು."

ಇಡೀ ಜೀವನದಲ್ಲಿ ಅಪ್ಪ ರಂಗೋಲಿ ಮುಟ್ಟಿದವನಲ್ಲ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದ. ಕಾಗದದ ಮೇಲೆ ಗೆರೆ ಎಳೆದು ಗೊತ್ತೇ ಹೊರತು ನೆಲದ ಮೇಲಲ್ಲ. ಎರಡು ಗೆರೆ ಉದ್ದ, ಎರಡು ಗೆರೆ ಅಡ್ಡ ಎಳೆದು, ನಾಲ್ಕು ಮೂಲೆಗೆ ನಾಲ್ಕು ಚುಕ್ಕೆ ಇಟ್ಟ. ಗೋಡೆ ಹಿಡಿದು ಎದ್ದ. ಆಗ ಅವನ ಎಡಗಾಲು ಒಂದು ಬೆರಳಿನಷ್ಟು ಜಾರಿತು. ಅವನಿಗೆ ಗೊತ್ತಾಗಲಿಲ್ಲ. ನನಗೆ ಕಂಡಿತು.

ಅಂದಿನಿಂದ ನನ್ನ ಹೆದರಿಕೆ ಶುರುವಾಯಿತು. ದುಃಖಕ್ಕೆ ಜಾಗವೇ ಇಲ್ಲದಷ್ಟು ಹೆದರಿಕೆ. ಬೆಳಗ್ಗೆ ಬಕೆಟ್ಟಿನ ಸದ್ದು ಕೇಳಿದರೆ, ಮಣೆ ಎಳೆದ ಸದ್ದು ಕೇಳುವ ತನಕ ಉಸಿರು ಬಿಡುತ್ತಿರಲಿಲ್ಲ. ಮಣೆಯ ಸದ್ದಾದ ಮೇಲೆ ಅಪ್ಪ ಏಳುವ ತನಕ ಮತ್ತೆ ಅದೇ. ನಾನು ಸ್ವತಃ ಆ ನೆಲದ ಮೇಲೆ ಕಾಲಿಡಲಾರದವಳಾಗಿದ್ದೆ. ತರಕಾರಿ ತರಲು ಹೋಗುವಾಗ ಕಾರಿನ ಮೇಲೆ ಕೈಯೂರಿ ಒಂದೊಂದೇ ಹೆಜ್ಜೆ ಇಡುತ್ತಿದ್ದೆ, ಒಣಗಿದ್ದರೂ.

ಅಪ್ಪನಿಗಿಂತ ಮೊದಲು ಎದ್ದು ನಾನೇ ಮುಗಿಸಿಬಿಡಬೇಕೆಂದು ಐದೂವರೆಗೆ ಎದ್ದೆ. ಮರುದಿನ ಅಪ್ಪ ಐದೂಕಾಲಿಗೆ ಎದ್ದ. ನಾನು ಐದಕ್ಕೆ. ಅವನು ಅದಕ್ಕೂ ಮೊದಲು. ನಾಲ್ಕನೆಯ ದಿನ ಇಬ್ಬರೂ ಮೆಟ್ಟಿಲ ಮೇಲೆ ಎದುರುಬದುರಾದೆವು. "ಏನ, ರೈಲಿಗೆ ಹೊಂಟೀಯೇನ?" ಎಂದ. ನಾನು ಬಕೆಟ್ಟು ಬಚ್ಚಿಟ್ಟೆ. ಅವನು ಅನ್ನ ಮಾಡುವ ಪಾತ್ರೆಯಲ್ಲಿ ನೀರು ತಂದ. ಕೊನೆಗೆ ಕೈಮುಗಿದು ಹೇಳಿದೆ, "ಅಪ್ಪಾ, ಬ್ಯಾಡ. ನಿನ್ನ ಕಾಲ ಬೀಳತೀನಿ. ಬಿಟ್ಟಬಿಡು."

ಅಪ್ಪ ಸಿಟ್ಟಾಗಲಿಲ್ಲ. "ನಿಮ್ಮವ್ವ ಬಾಗಲಿಗೆ ನೀರ ಹಾಕದ ಒಂದ ದಿನಾ ಚಾ ಕುಡದಾಕಿ ಅಲ್ಲ. ಆಕಿ ಹಾಕತಿದ್ಲು, ನಾ ಕುಡೀತಿದ್ದೆ. ಈಗ ಯಾರೂ ಹಾಕದ ನಾ ಹೆಂಗ ಕುಡೀಲಿ?" ಎಂದ.

ಹೋಗಿ ಒಂದು ರಬ್ಬರ್ ಚಾಪೆ ತಂದು ಹಾಸಿದೆ. ಅವನು ಅದನ್ನು ಸುತ್ತಿಟ್ಟು ನೀರು ಹಾಕಿ, ರಂಗೋಲಿ ಮುಗಿಸಿ, ನನ್ನ ಸಮಾಧಾನಕ್ಕೆ ಮತ್ತೆ ಹಾಸುತ್ತಿದ್ದ. ಒದ್ದೆ ನೆಲದ ಮೇಲೆ ಹಾಸಿದ ಚಾಪೆ. ಒಂದು ಬೆಳಗ್ಗೆ ಅವನು ಅದರ ಮೇಲೆ ಕಾಲಿಟ್ಟಾಗ ಚಾಪೆಯೇ ಸರಕ್ಕನೆ ಸರಿಯಿತು. ಅಪ್ಪನ ಕೈಗೆ ಕಾರಿನ ಬಾಗಿಲ ಹಿಡಿ ಸಿಕ್ಕಿತು. ಒಂದು ಕೈಯಲ್ಲಿ ಜೋತುಬಿದ್ದು, ಮಡಚದ ಕಾಲು ಕಾರಿನ ಕೆಳಗೆ ಹೋಗಿ, ಹಾಗೇ ನಿಂತಿದ್ದ. ನಾನು ಬಾಗಿಲಲ್ಲಿ ಇದ್ದೆ. ಹಿಡಿಯಲು ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಕಾಲು ಮೆಟ್ಟಿಲು ಬಿಟ್ಟು ಇಳಿಯಲಿಲ್ಲ. ಅಪ್ಪ ತಾನೇ ನಿಧಾನವಾಗಿ ಸಾವರಿಸಿಕೊಂಡು ನಿಂತು ನನ್ನ ಮುಖ ನೋಡಿದ. ಇದನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಅವತ್ತೇ ಪೇಂಟರಿಗೆ ಫೋನ್ ಮಾಡಿದೆ. ಈ ನೆಲ ಕಿತ್ತು ಬೇರೆ ಹಾಕಬೇಕು ಎಂದೆ. ಏಕೆ ಎಂದು ಹೇಳಲಿಲ್ಲ.

ಅವರು ಬಂದು ಗೇಟು ತೆರೆಯುತ್ತಲೇ, "ಮಾಸಿಮಾ ಎಲ್ಲಿ? ಆ ಅವಲಕ್ಕಿಗಾಗಿಯೇ ಬಂದೆ" ಎಂದು ನಕ್ಕರು. ಅಪ್ಪ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ನಾನು ಹೇಳಿದೆ. ಎಲ್ಲಿ ಬಿದ್ದಳು ಎಂಬುದನ್ನೂ ಹೇಳಿದೆ. ಅವರ ನಗು ನಿಂತಿತು. ಚಪ್ಪಲಿ ಬಿಟ್ಟು ಬಂದು, ಬಗ್ಗಿ, ನೆಲದ ಮೇಲೆ ಅಂಗೈ ಇಟ್ಟರು. ಬೆಳಗಿನ ನೀರು ಇನ್ನೂ ಪೂರ್ತಿ ಆರಿರಲಿಲ್ಲ. ಅವರು ಒದ್ದೆ ಅಂಗೈ ತಿರುಗಿಸಿ ನೋಡಿಕೊಂಡರು.

"ಇಲ್ಲಿ ನೀರು ಹಾಕುತ್ತೀರಾ?"

"ದಿನಾ. ಒಂದು ಬಕೆಟ್."

ಅವರು ಜೇಬಿನಿಂದ ಅದೇ ನೋಟ್‌ಬುಕ್ಕು ತೆಗೆದರು. ಹಾಳೆ ಹಿಂದಕ್ಕೆ ತಿರುವುತ್ತ ಹೋದಾಗ ನನಗೆ ಗೊತ್ತಾಯಿತು. ಬೇಡ, ಓದಬೇಡಿ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅವರಿಗೆ ಆ ಹಾಳೆ ಸಿಕ್ಕಿತ್ತು. ತಮ್ಮ ಮೇಲೆ ತಪ್ಪು ಬಂದೀತೆಂದು ಅವರಿಗೂ ಹೆದರಿಕೆಯೇ ಇದ್ದಿರಬೇಕು, ಬೆರಳಿಟ್ಟು ತೋರಿಸುವಾಗ ಅವರ ದನಿ ಏರಿತ್ತು.

"ನೋಡಿ ಬೌದಿ, ನಾನು ಕೇಳಿದ್ದೆ. ಬರೆದುಕೊಂಡಿದ್ದೇನೆ. ಸೂಖಾ. ಒಣ ನೆಲ. ನೀರು ಇಲ್ಲ. ನೀವೇ ಹೇಳಿದ್ದು. ನೀರು ಇದೆ ಎಂದಿದ್ದರೆ ನಾನು ಈ ಹೊಳಪಿನದು ಹಾಕುತ್ತಲೇ ಇರಲಿಲ್ಲ. ದೇವರಾಣೆ."

ಅಪ್ಪನಿಗೆ ಬಂಗಾಲಿ ಬರುವುದಿಲ್ಲ. ಸೂಖಾ ಎಂಬುದು ತಿಳಿಯುವಷ್ಟು ಹಿಂದಿ ಬರುತ್ತದೆ. ಅವನು ಪೇಂಟರನ್ನು ನೋಡಿದ, ನೋಟ್‌ಬುಕ್ಕನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಕುರ್ಚಿ ಬಿಟ್ಟು ಎದ್ದು ಒಳಗೆ ಹೋದ. ಅವನ ಕೋಣೆಯ ಬಾಗಿಲು ಮುಚ್ಚಿದ್ದು ಕೇಳಿಸಿತು.

ಆ ದಿನ ಅಪ್ಪ ಊಟಕ್ಕೆ ಬಂದ, ಮಾತಾಡಲಿಲ್ಲ. ಮರುದಿನವೂ ಇಲ್ಲ. ಬೆಳಗ್ಗೆ ನೀರು ಮಾತ್ರ ಹಾಕಿದ. ಅವ್ವ ಹೋದಾಗ ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟಿದ್ದ. ಇನ್ನು ಆ ಕೈ ಬರುವುದಿಲ್ಲ ಎಂದುಕೊಂಡೆ.

ಕೆಲಸ ಮಾತ್ರ ಶುರುವಾಯಿತು. ಪೇಂಟರ್ ಒಂದು ಮೂಲೆಯಲ್ಲಿ ಮಷೀನು ಹಿಡಿದು ಹೊಳಪನ್ನು ಉಜ್ಜಿ ತೆಗೆದು, ಕೆಳಗಿನ ಸಿಮೆಂಟಿನ ಮೇಲೆ ಒಂದು ಚೌಕ ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತಲೂ ಟೇಪು ಹಚ್ಚಿದರು. ನಾಳೆ ನೋಡಬೇಕು ಎಂದರು. ಮರುದಿನ ನೋಡಿದರೆ ಹಾಳೆಯ ಒಳಮೈಗೆ ಸಣ್ಣ ಸಣ್ಣ ಹನಿಗಳು. ಆ ಮೂಲೆಗೆ ಮೇಲಿನಿಂದ ಯಾರೂ ನೀರು ಹಾಕಿರಲಿಲ್ಲ. ಈ ಊರಿನ ಮಣ್ಣೇ ಹೀಗೆ, ಕೆಳಗಿನಿಂದ ಏರುತ್ತದೆ, ಅದಕ್ಕೆ ಮೊದಲು ತೇವ ತಡೆಯುವ ಪ್ರೈಮರ್ ಎರಡು ಸಲ ಹಚ್ಚಬೇಕು ಎಂದರು. ನಾನು ಆ ಹನಿಗಳನ್ನೇ ನೋಡುತ್ತ ನಿಂತೆ. ನೀರು ಬೀಳುವುದಿಲ್ಲ ಎಂದು ಎಷ್ಟು ಧೈರ್ಯದಿಂದ ಹೇಳಿದ್ದೆ.

ಏನು ಹಾಕಬೇಕು ಎಂಬ ಮಾತು ಬಂತು. ಟೈರಿನ ಗುರುತು ನಿಲ್ಲದ್ದು, ಎಣ್ಣೆ ಹೀರದ್ದು ಎಂದೆಲ್ಲ ಅವರು ಹೇಳುತ್ತಿದ್ದರು. ನನಗೆ ಅದಾವುದೂ ಬೇಕಿರಲಿಲ್ಲ. ಜಾರಬಾರದು, ಅಷ್ಟೇ. ಒರಟು ಟೈಲ್ಸ್ ಹಾಕಿದರೆ ಸಂದಿಗಳಲ್ಲಿ ಅಪ್ಪನ ಬೆರಳು ಎಡವಬಹುದು. ಸಿಮೆಂಟಿಗೆ ಗೀರು ಎಳೆದರೆ ಮಳೆಗಾಲದಲ್ಲಿ ಗೀರಿನೊಳಗೆ ಪಾಚಿ. ಹೀಗೆ ಒಂದೊಂದಕ್ಕೂ ಒಂದೊಂದು ಹೆದರಿಕೆ ಹುಡುಕಿ ಹೇಳುತ್ತಿದ್ದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕೊನೆಗೆ ಒಂದು ಡಬ್ಬಿ ತಂದು ಮುಚ್ಚಳ ತೆಗೆದು ತೋರಿಸಿದರು. ಸೋಸಿದ ಉಸುಕು. ನೆಲಕ್ಕೆ ಬಳಿಯುವ ಎಪಾಕ್ಸಿ ಹಸಿ ಇರುವಾಗಲೇ ಇದನ್ನು ಮೇಲೆ ಉದುರಿಸಿ, ಅದರ ಮೇಲೆ ಹೊಳಪಿಲ್ಲದ ಇನ್ನೊಂದು ಕೋಟು ಕೊಟ್ಟರೆ ಕಾಲು ಹಿಡಿಯುತ್ತದೆ ಎಂದರು. ನಾನು ಡಬ್ಬಿಯೊಳಗೆ ಕೈ ಹಾಕಿ ಎರಡು ಬೆರಳಲ್ಲಿ ತಿಕ್ಕಿ ನೋಡಿದೆ.

ನಾನು ಕೇಳಿದ್ದಕ್ಕೆ ಗೇಟಿನ ಹತ್ತಿರ ಮೂರು ಚೌಕ ಮಾದರಿ ಹಾಕಿಕೊಟ್ಟರು, ಸಣ್ಣ ಉಸುಕಿನದು, ನಡುವಿನದು, ದಪ್ಪನೆಯದು. ಎರಡು ದಿನ ಆರಿದ ಮೇಲೆ ನಾನು ಗೇಟಿನ ಸರಳು ಹಿಡಿದು, ನೀರು ಸುರಿದು, ಒಂದೊಂದರ ಮೇಲೂ ಬರಿಗಾಲಲ್ಲಿ ನಿಂತೆ. ಹಿಮ್ಮಡಿ ತಿರುಗಿಸಿದೆ. ಸಾಬೂನು ನೀರು ಹಾಕಿದೆ. ಅಪ್ಪ ಹಿಂದೆ ಬಂದು ನಿಂತಿದ್ದು ನನಗೆ ಗೊತ್ತಾಗಲಿಲ್ಲ.

"ಸರಿ ಆಕಡೆ" ಎಂದ. ಐದಾರು ದಿನದ ಮೇಲೆ ಅವನ ಮೊದಲ ಮಾತು. "ನಿಂದ್ರಾಂವ ನಾನು. ನನ್ನ ಕಾಲ ಹೇಳಬೇಕ."

ನಾನು ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದೆ.

"ಬಿಡ. ನನ್ನೇನ ಕೂಸ ಮಾಡೀಯೇನ?"

ಬಿಡಲಿಲ್ಲ. ಆಗ ಶಾಲೆಯಿಂದ ಬಂದ ಮಗಳು ಬ್ಯಾಗ್ ಹಾಕಿಕೊಂಡೇ ಗೇಟಿನಲ್ಲಿ ನಿಂತು, "ಅಜ್ಜ ಹಾಪ್‌ಸ್ಕಾಚ್ ಆಡ್ತಿದ್ದಾರಾ ಮಮ್ಮಾ?" ಎಂದಳು. ಅಪ್ಪ ಸಣ್ಣ ಉಸುಕಿನದರ ಮೇಲೆ ನಿಂತ. ತಲೆ ಅಲ್ಲಾಡಿಸಿದ. ದಪ್ಪನೆಯದರ ಮೇಲೆ ನಿಂತು, "ಇದು ಅಂಗಾಲ ತಿಂತೈತಿ, ರಂಗೋಲಿನೂ ತಿಂತೈತಿ" ಎಂದ. ನಡುವಿನದರ ಮೇಲೆ ಬಹಳ ಹೊತ್ತು ನಿಂತ. ಆಮೇಲೆ ಕೆಳಗೆ ನೋಡುತ್ತಲೇ ಹೇಳಿದ:

"ಆಂವ ನಿಮ್ಮವ್ವನ್ನ ಕೇಳಿದ್ರೂ ಆಕಿ ನೀರ ಬೀಳೂದಿಲ್ಲ ಅಂತನ ಹೇಳತಿದ್ಲು. ಅಲ್ಲೇ ನಿಂತಿದ್ಲಲ್ಲ, ಹೇಳಿದ್ಲೇನ? ನನ್ನ ಕೇಳಿದ್ರೂ ಅದನ ಹೇಳತಿದ್ದೆ."

ನಾನು ಅವನ ತೋಳು ಹಿಡಿದುಕೊಂಡೇ ಅತ್ತೆ. ಅವ್ವ ಹೋದ ಮೇಲೆ ಅಷ್ಟು ಜೋರಾಗಿ ಅತ್ತಿರಲಿಲ್ಲ. ಮಗಳು ಬ್ಯಾಗ್ ಕೆಳಗಿಟ್ಟು ಹತ್ತಿರ ಬಂದಳು. "ಸಾಕ ಸಾಕ, ನೆಲ ಮತ್ತ ಹಸಿ ಆಗತೈತಿ" ಎಂದ ಅಪ್ಪ.

ಮನೆಗೆ ಬೇರೆ ದಾರಿ ಇಲ್ಲದ್ದರಿಂದ ನೆಲವನ್ನು ಅರ್ಧರ್ಧವಾಗಿ ಮಾಡಿದರು. ಅಷ್ಟು ದಿನ ಕಾರು ಓಣಿಯವರ ಪಾಡಾ ಕ್ಲಬ್ಬಿನ ಮುಂದೆ ನಿಂತಿತ್ತು. ಅಪ್ಪ ಹಸಿ ಇಲ್ಲದ ಅರ್ಧದಲ್ಲಿ ಗೋಡೆಗೆ ಒತ್ತಿಕೊಂಡು, ತಂಬಿಗೆಯಿಂದ ಒಂದು ಗುಟುಕು ನೀರು ಚಿಮುಕಿಸಿ, ಚಹಾ ಕುಡಿದ. ಕೆಲಸ ಮುಗಿದ ದಿನ ಪೇಂಟರಿಗೆ ನಾನು ಅವಲಕ್ಕಿ ಮಾಡಿಕೊಟ್ಟೆ. ಒಂದೇ ಸಲ ಹಾಕಿಸಿಕೊಂಡರು. ಹೋಗುವ ಮೊದಲು ನೋಟ್‌ಬುಕ್ಕು ತೆಗೆದು ಏನೋ ಬರೆದುಕೊಂಡರು.

ಈಗ ಮಳೆಗಾಲ. ನೆಲ ಹಿಡಿಯುತ್ತದೆ. ನೀರು ಬಿದ್ದ ಮೇಲೂ ಹಿಡಿಯುತ್ತದೆ, ನಾನು ದಿನಾ ನೋಡುತ್ತೇನೆ. ಬಕೆಟ್ಟಿನ ಸದ್ದು ಕೇಳಿದರೆ ಈಗಲೂ ಏಳುತ್ತೇನೆ. ಇಳಿದು ಹೋಗಿ ಅಪ್ಪನ ಪಕ್ಕದಲ್ಲಿ ಕೂರುತ್ತೇನೆ. ಹೆದರಿಕೆ ಹೋಗಿಲ್ಲ. ಅದರ ಜೊತೆಗೇ ನಾಲ್ಕು ಮೆಟ್ಟಿಲು ಇಳಿಯಲು ಬರುತ್ತದೆ. ಅವ್ವ ಉಸುಕು ಬೆರೆಸಿಟ್ಟ ಪುಡಿ ಇನ್ನೂ ಅರ್ಧ ಡಬ್ಬಿ ಇದೆ. ಒರಟು ನೆಲದ ಮೇಲೆ ಎಳೆ ಅಲ್ಲಲ್ಲಿ ಕಡಿಯುತ್ತದೆ, ಆದರೂ ನಿಲ್ಲುತ್ತದೆ. ಉದ್ದದ ಎರಡು ಗೆರೆ ಅಪ್ಪ ಎಳೆಯುತ್ತಾನೆ, ಅಡ್ಡದ ಎರಡು ನಾನು. ನಡುವೆ ಅವ್ವ ಕೈ ಎತ್ತದೆ ಒಂದು ಹೂವು ಹಾಕುತ್ತಿದ್ದಳು. ಅದು ನಮ್ಮಿಬ್ಬರಿಗೂ ಬರುವುದಿಲ್ಲ. ಆ ಜಾಗ ಖಾಲಿ ಇದೆ.